ಡಾಲಸ್‌ನ ಐ-345 ಎತ್ತರಿಸಿದ ಫ್ರೀವೇ: ಪದೇ ಪದೇ ಕೇಳುವ ಪ್ರಶ್ನೆಗಳು

ಐ-345 ಅಂದರೆ ಯಾವ ರಸ್ತೆ? ಎಲ್ಲಿಂದ ಎಲ್ಲಿಗೆ?

ಅಮೆರಿಕದ ಟೆಕ್ಸಾಸ್ ರಾಜ್ಯದ ಡಾಲಸ್ ನಗರದಲ್ಲಿ, ಡೌನ್‌ಟೌನ್‌ನ ಪೂರ್ವ ಅಂಚಿಗೆ ಅಂಟಿಕೊಂಡು ಹೋಗುವ ಫ್ರೀವೇ, ಅಂದರೆ ಸಿಗ್ನಲ್ ಇಲ್ಲದ ಹೆದ್ದಾರಿ ಇದು. ‘ಐ’ ಎಂದರೆ ಇಂಟರ್‌ಸ್ಟೇಟ್, ಅಂತರರಾಜ್ಯ ಹೆದ್ದಾರಿ. ಉದ್ದ ಸುಮಾರು 1.4 ಮೈಲಿ, ಅಂದರೆ ಎರಡೂ ಕಾಲು ಕಿಲೋಮೀಟರ್. ಬೆಂಗಳೂರಿನ ಸಿರ್ಸಿ ಸರ್ಕಲ್ ಫ್ಲೈಓವರ್‌ಗಿಂತ ತುಸು ಚಿಕ್ಕದು. ಹೆಚ್ಚಿನ ಭಾಗ ಕಂಬಗಳ ಮೇಲೆ ನಿಂತಿದೆ. ದಕ್ಷಿಣದ ತುದಿಯಲ್ಲಿ ಹ್ಯೂಸ್ಟನ್‌ನಿಂದ ಬರುವ ಐ-45 ಮತ್ತು ಪೂರ್ವ-ಪಶ್ಚಿಮದ ಐ-30 ಸೇರುತ್ತವೆ. ಉತ್ತರದ ತುದಿಯಲ್ಲಿ ಯು.ಎಸ್. 75, ಅಂದರೆ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ ಮತ್ತು ವುಡಾಲ್ ರಾಜರ್ಸ್ ಫ್ರೀವೇ ಸಿಗುತ್ತವೆ. ವುಡಾಲ್ ರಾಜರ್ಸ್ ಹಿಡಿದರೆ ಪಶ್ಚಿಮಕ್ಕೆ ಐ-35ಇ ತಲುಪಬಹುದು. ಇಷ್ಟು ಹೆದ್ದಾರಿಗಳ ನಡುವಿನ ಕೊಂಡಿ ಈ ತುಂಡು ರಸ್ತೆ.

ದಿನಾ ಓಡಾಡುತ್ತೇವೆ, ಆದರೆ ಐ-345 ಎಂಬ ಬೋರ್ಡನ್ನೇ ಕಂಡಿಲ್ಲವಲ್ಲ?

ಕಾಣುವುದಿಲ್ಲ. ದಾಖಲೆಯಲ್ಲಿ ಇಂಟರ್‌ಸ್ಟೇಟ್ ನಂಬರ್ ಇದೆ, ರಸ್ತೆಯ ಮೇಲೆ ಫಲಕ ಹಾಕಿಲ್ಲ. ಉತ್ತರಕ್ಕೆ ಹೋಗುವವರಿಗೆ ಯು.ಎಸ್. 75 ಎಂದೂ ದಕ್ಷಿಣಕ್ಕೆ ಹೋಗುವವರಿಗೆ ಐ-45 ಎಂದೂ ಬರೆದಿರುತ್ತದೆ. ಎರಡೂವರೆ ಕಿಲೋಮೀಟರ್ ಕೂಡ ಇಲ್ಲದ ದಾರಿಗೆ ಮೂರನೇ ನಂಬರ್ ತೋರಿಸಿದರೆ ಚಾಲಕರಿಗೆ ಗೊಂದಲವೇ ಹೆಚ್ಚು, ಹಾಗಾಗಿ ಈ ಏರ್ಪಾಡು. ಆದ್ದರಿಂದಲೇ ಸುದ್ದಿಯಲ್ಲಿ ಐ-345 ಎಂದು ಓದಿದವರು ಅದು ತಾವು ಬೆಳಿಗ್ಗೆಯಷ್ಟೇ ದಾಟಿದ ರಸ್ತೆ ಎಂದು ಗುರುತಿಸುವುದಿಲ್ಲ. ಮೂರಂಕಿಯ ಇಂಟರ್‌ಸ್ಟೇಟ್ ನಂಬರಿನಲ್ಲಿ ಕೊನೆಯ ಎರಡು ಅಂಕಿ ತಾಯಿ ಹೆದ್ದಾರಿಯದು, ಇಲ್ಲಿ 45. ಮೊದಲ ಅಂಕಿ ಬೆಸವಾಗಿದ್ದರೆ ಅದು ಕವಲು ರಸ್ತೆ ಎಂದರ್ಥ.

ಹ್ಯೂಸ್ಟನ್ ಕಡೆಯಿಂದ ಪ್ಲೇನೋ, ಫ್ರಿಸ್ಕೊ ಕಡೆಗೆ ಹೋಗುವಾಗ ಯಾವ ಬೋರ್ಡು ಹಿಡಿಯಬೇಕು?

ಡಾಲಸ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಬಹಳ ಮಂದಿ ಉತ್ತರದ ಉಪನಗರಗಳಲ್ಲಿ ಇರುವುದರಿಂದ ಈ ಪ್ರಶ್ನೆ ಹೆಚ್ಚು ಬರುತ್ತದೆ. ರಸ್ತೆ ನಂಬರ್ ಜೊತೆ ಊರಿನ ಹೆಸರೂ ನೆನಪಿರಲಿ:

- ಯು.ಎಸ್. 75 ಉತ್ತರಕ್ಕೆ: ಶರ್ಮನ್
- ಐ-45 ದಕ್ಷಿಣಕ್ಕೆ: ಹ್ಯೂಸ್ಟನ್
- ಐ-30: ಪೂರ್ವಕ್ಕೆ ಟೆಕ್ಸಾರ್ಕಾನಾ, ಪಶ್ಚಿಮಕ್ಕೆ ಫೋರ್ಟ್ ವರ್ತ್
- ಐ-35ಇ: ಉತ್ತರಕ್ಕೆ ಡೆಂಟನ್, ದಕ್ಷಿಣಕ್ಕೆ ವೇಕೊ

ಪ್ಲೇನೋ ಕಡೆ ಹೋಗುವವರು ಐ-30 ಕವಲು ಬರುವ ಮೊದಲೇ ಶರ್ಮನ್ ಎಂದಿರುವ ಲೇನ್‌ಗೆ ಬಂದುಬಿಡಬೇಕು. ಐ-30ರ ಕವಲು ಮುಗಿಯಿತು ಅನ್ನುವಷ್ಟರಲ್ಲಿ ಡೌನ್‌ಟೌನ್ ನಿರ್ಗಮನ, ಅದರ ಬೆನ್ನಿಗೇ ವುಡಾಲ್ ರಾಜರ್ಸ್ ಕವಲು. ಗಂಟೆಗೆ 60 ಮೈಲಿ ವೇಗದಲ್ಲಿ 1.4 ಮೈಲಿ ಕಳೆಯಲು ಒಂದೂವರೆ ನಿಮಿಷ ಸಾಕು. ಅಷ್ಟರೊಳಗೆ ನಾಲ್ಕು ಲೇನ್ ದಾಟಲು ಹೋದವರೇ ಇಲ್ಲಿ ಗುದ್ದಿಸಿಕೊಳ್ಳುವುದು. ಕವಲು ತಪ್ಪಿದರೆ ಬಿಟ್ಟುಬಿಡಿ. ಮುಂದಿನ ನಿರ್ಗಮನದಲ್ಲಿ ಇಳಿದು ತಿರುಗಿ ಬರಲು ಐದು-ಹತ್ತು ನಿಮಿಷ ಹೋಗುತ್ತದೆ, ಅಷ್ಟೇ.

ಟೋಲ್ ಇದೆಯೇ?

ಇಲ್ಲ.

ಇಷ್ಟು ಚಿಕ್ಕ ರಸ್ತೆಯಲ್ಲಿ ಇಷ್ಟೊಂದು ಜಾಮ್ ಯಾಕೆ?

ಚಿಕ್ಕದಾಗಿರುವುದೇ ಒಂದು ಕಾರಣ. ದಿನಕ್ಕೆ ಸುಮಾರು 1,80,000 ವಾಹನ ಓಡುತ್ತವೆ ಎಂದು ಟೆಕ್ಸಾಸ್ ಸಾರಿಗೆ ಇಲಾಖೆಯ ಲೆಕ್ಕ. ಎಲ್ಲರೂ ನೇರ ಹೋಗುವವರಾಗಿದ್ದರೆ ಫ್ರೀವೇಯ ಒಂದು ಲೇನ್ ಗಂಟೆಗೆ ಸುಮಾರು 2,000 ವಾಹನ ಸಾಗಿಸಬಲ್ಲದು. ಇಲ್ಲಿ ಹಾಗಾಗುವುದಿಲ್ಲ. ಐ-30ರಿಂದ ಹತ್ತಿದವನು ಯು.ಎಸ್. 75ಕ್ಕೆ ಹೋಗಲು ಒಂದು ಕಡೆ ಸರಿಯುತ್ತಾನೆ, ಐ-45ರಿಂದ ಬಂದವನು ವುಡಾಲ್ ರಾಜರ್ಸ್‌ಗೆ ಹೋಗಲು ಅದೇ ಜಾಗದಲ್ಲಿ ಅಡ್ಡ ಬರುತ್ತಾನೆ. ಹತ್ತುವವರೂ ಇಳಿಯುವವರೂ ಒಂದೇ ತುಂಡಿನಲ್ಲಿ ಹೀಗೆ ಕತ್ತರಿಯಾಡಿದಾಗ ಪ್ರತಿಯೊಬ್ಬ ಚಾಲಕನೂ ಬ್ರೇಕ್ ಮೇಲೆ ಕಾಲಿಡುತ್ತಾನೆ, ಮತ್ತು ಆ ಬ್ರೇಕ್ ಹಿಂದಿನ ಅರ್ಧ ಮೈಲಿಯವರೆಗೂ ತಟ್ಟುತ್ತದೆ. ಲೇನ್ ಹೆಚ್ಚಿಸಿದರೆ ಈ ಸಮಸ್ಯೆ ಹೋಗುವುದಿಲ್ಲ, ದಾಟಬೇಕಾದ ಲೇನ್‌ಗಳ ಸಂಖ್ಯೆ ಹೆಚ್ಚುತ್ತದೆ. ನಿಜಕ್ಕೂ ನೆರವಾಗುವುದು ಹತ್ತುವ-ಇಳಿಯುವ ರ‍್ಯಾಂಪ್‌ಗಳನ್ನು ಕಡಿಮೆ ಮಾಡುವುದು, ಅಥವಾ ಅವುಗಳ ನಡುವಿನ ಅಂತರ ಹೆಚ್ಚಿಸುವುದು.

ಜಾಮ್ ಆದಾಗ ಬಳಸು ದಾರಿ ಯಾವುದು?

ಪ್ಲೇನೋ ಕಡೆಯಿಂದ ಹ್ಯೂಸ್ಟನ್‌ಗೆ ಹೊರಟವರು ಡೌನ್‌ಟೌನ್‌ಗೆ ಬರಲೇಬೇಕೆಂದಿಲ್ಲ. ಯು.ಎಸ್. 75ರಿಂದ ಐ-635 ಪೂರ್ವಕ್ಕೆ ತಿರುಗಿ. ಅದು ಗಾರ್ಲಂಡ್, ಮೆಸ್ಕೀಟ್ ಬಳಸಿಕೊಂಡು ದಕ್ಷಿಣಕ್ಕೆ ಇಳಿದು ಐ-20ರಲ್ಲಿ ಮುಗಿಯುತ್ತದೆ. ಅಲ್ಲಿಂದ ಐ-20 ಪಶ್ಚಿಮಕ್ಕೆ ಸ್ವಲ್ಪ ಹೋದರೆ ಐ-45. ದೂರ ಹೆಚ್ಚು, ಆದರೆ ಶುಕ್ರವಾರ ಸಂಜೆ ಇದೇ ಮೇಲು ಆಗಬಹುದು. ಹೊರಡುವ ಮುಂಚೆ ಫೋನಿನಲ್ಲಿ ಎರಡೂ ದಾರಿಯ ಹೊತ್ತನ್ನು ಹೋಲಿಸಿ ನೋಡಿ. ಐ-635 ದಾಟಿ ದಕ್ಷಿಣಕ್ಕೆ ಬಂದ ಮೇಲೆ ಈ ಆಯ್ಕೆ ಕೈತಪ್ಪಿರುತ್ತದೆ.

ಮೇಲೆ ಗಾಡಿ ಕೆಟ್ಟರೆ, ಸಣ್ಣ ಅಪಘಾತವಾದರೆ?

ಓಡುವ ಸ್ಥಿತಿಯಲ್ಲಿದ್ದರೆ ಲೇನ್‌ನಲ್ಲಿ ನಿಲ್ಲಿಸಿಕೊಂಡು ಫೋಟೊ ತೆಗೆಯುತ್ತ ಕೂರಬೇಡಿ. ಮಹಾನಗರದ ಫ್ರೀವೇಯಲ್ಲಿ ಡಿಕ್ಕಿಯಾದ ಗಾಡಿ ಚಲಿಸುವಂತಿದ್ದರೆ ಅದನ್ನು ಬದಿಗೆ ಒಯ್ಯಬೇಕೆಂದು ಟೆಕ್ಸಾಸ್ ಕಾನೂನೇ ಹೇಳುತ್ತದೆ. ಸೇತುವೆಯ ಮೇಲೆ ಬದಿಯ ಪಟ್ಟಿಯನ್ನು ನಂಬಿಕೊಳ್ಳುವಂತಿಲ್ಲ, ರ‍್ಯಾಂಪ್ ಇಳಿದು ಕೆಳಗಿನ ಬೀದಿಗೆ ಹೋಗುವುದೇ ವಾಸಿ. ಗಾಡಿ ಅಲುಗದಿದ್ದರೆ ಹಜಾರ್ಡ್ ದೀಪ ಹಾಕಿ, ಸೀಟ್ ಬೆಲ್ಟ್ ಬಿಚ್ಚದೆ ಒಳಗೇ ಕುಳಿತು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಸ್ಥಳ ಹೇಳುವಾಗ ‘ಐ-345’ ಜೊತೆಗೆ ಯಾವ ದಿಕ್ಕಿಗೆ ಹೋಗುತ್ತಿದ್ದಿರಿ, ಕೊನೆಗೆ ಕಂಡ ನಿರ್ಗಮನದ ಹೆಸರೇನು ಎಂಬುದನ್ನೂ ಹೇಳಿ.

ಚಳಿಗಾಲದ ಮಂಜುಗಡ್ಡೆಯ ದಿನ ಇನ್ನೊಂದು ಎಚ್ಚರ: ನೆಲದ ರಸ್ತೆಗೆ ಕೆಳಗಿನ ಮಣ್ಣಿನ ಶಾಖವಿರುತ್ತದೆ, ಸೇತುವೆಗೆ ಮೇಲೂ ಕೆಳಗೂ ಶೀತಗಾಳಿ. ಹಾಗಾಗಿ ಮೊದಲು ಹೆಪ್ಪುಗಟ್ಟುವುದು ಇದೇ.

ಕೆಳಗೆ ಏನಿದೆ? ನಡೆದು ದಾಟಬಹುದೇ?

ದಾಟಬಹುದು. ಮೇನ್, ಎಲ್ಮ್, ಕಾಮರ್ಸ್ ಬೀದಿಗಳು ಡೌನ್‌ಟೌನ್‌ನಿಂದ ಇದರ ಅಡಿಯಲ್ಲಿ ನುಸುಳಿ ಡೀಪ್ ಎಲಮ್ ಬಡಾವಣೆಗೆ ಹೋಗುತ್ತವೆ. ಕೆಳಗಿನ ಜಾಗದಲ್ಲಿ ಹೆಚ್ಚಿನದು ಕಾರು ನಿಲ್ದಾಣ. ಕಾಮರ್ಸ್ ಮತ್ತು ಗುಡ್-ಲ್ಯಾಟಿಮರ್ ಕೂಡುವಲ್ಲಿ ನಾಯಿಗಳಿಗಾಗಿಯೇ ಒಂದು ಪಾರ್ಕ್ ಇದೆ, ಫ್ರೀವೇಯೇ ಅದಕ್ಕೆ ಚಾವಣಿ. ರೈಲಿನಲ್ಲಿ ಬರುವವರಿಗೆ 2009ರಲ್ಲಿ ಶುರುವಾದ ಡಾರ್ಟ್ (ಡಾಲಸ್‌ನ ಸಾರ್ವಜನಿಕ ಸಾರಿಗೆ) ಹಸಿರು ಮಾರ್ಗದ ಡೀಪ್ ಎಲಮ್ ನಿಲ್ದಾಣ ಹತ್ತಿರ. ಅಂತರ ಹೆಚ್ಚಿಲ್ಲ, ಆದರೂ ರಾತ್ರಿ ಹೊತ್ತು ಜನ ಇಲ್ಲಿ ನಡೆಯಲು ಹಿಂಜರಿಯುತ್ತಾರೆ: ಮಬ್ಬು ಬೆಳಕು, ತಲೆಮೇಲೆ ಸಂದು ದಾಟುವ ಚಕ್ರಗಳ ದಡಬಡ, ಎರಡೂ ಬದಿ ಅಂಗಡಿ-ಮುಂಗಟ್ಟು ಒಂದೂ ಇಲ್ಲ. ಕಾರು ನಿಲ್ಲಿಸುವವರು ಫಲಕದಲ್ಲಿ ಹೊತ್ತು ಮತ್ತು ದರ ಓದಿಕೊಳ್ಳಿ, ಬ್ಯಾಗು-ಲ್ಯಾಪ್‌ಟಾಪ್ ಸೀಟಿನ ಮೇಲೆ ಬಿಡಬೇಡಿ.

ಇದನ್ನು ಕಟ್ಟುವಾಗ ಅಲ್ಲಿ ಏನಿತ್ತು?

ಹ್ಯೂಸ್ಟನ್ ಅಂಡ್ ಟೆಕ್ಸಾಸ್ ಸೆಂಟ್ರಲ್ ರೈಲು ಹಳಿಯ ಸುತ್ತ ಬೆಳೆದ ಕಪ್ಪುಜನರ ಪೇಟೆಯೇ ಡೀಪ್ ಎಲಮ್. ಬ್ಲೈಂಡ್ ಲೆಮನ್ ಜೆಫರ್ಸನ್‌ನಂಥ ಬ್ಲೂಸ್ ಗಾಯಕರು ಹಾಡಿದ ಬೀದಿಗಳಿವು. ಆ ಹಳಿಯ ಜಾಗದ ಮೇಲೆಯೇ 1940ರ ದಶಕದ ಕೊನೆಗೆ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ ಬಂತು. ಬಿಡುಗಡೆಗೊಂಡ ಗುಲಾಮರು ನೆಲೆಸಿದ್ದ ಫ್ರೀಡ್‌ಮನ್ಸ್ ಟೌನನ್ನು ಅದು ಸೀಳಿತು, ಅವರ ಸ್ಮಶಾನವನ್ನೂ ಬಿಡಲಿಲ್ಲ. 1990ರ ದಶಕದಲ್ಲಿ ಅದೇ ರಸ್ತೆ ಅಗಲ ಮಾಡುವಾಗ 1,100ಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದು ಸ್ಥಳಾಂತರಿಸಬೇಕಾಯಿತು.

ಐ-345ರ ಸರದಿ ಬಂದಾಗ, 1969ರಲ್ಲಿ, ಎಲ್ಮ್ ಬೀದಿಯ 2400ನೇ ಬ್ಲಾಕ್ ಪೂರ್ತಿ ನೆಲಸಮವಾಯಿತು. ಬಡಾವಣೆಯ ನಡುಮನೆ ಅದೇ ಆಗಿತ್ತು. 1970ರ ದಶಕದ ಮೊದಲರ್ಧದಲ್ಲಿ ಫ್ರೀವೇ ಸಂಚಾರಕ್ಕೆ ತೆರೆಯಿತು. ಕೆಡವದೆ ಉಳಿದ ಕಟ್ಟಡಗಳಲ್ಲಿ ನೈಟ್ಸ್ ಆಫ್ ಪಿಥಿಯಸ್ ಎಂಬ ಸೋದರ ಸಂಘದ 1916ರ ಭವನ ನೋಡಲೇಬೇಕಾದ್ದು. ಅದರ ವಾಸ್ತುಶಿಲ್ಪಿ ವಿಲಿಯಂ ಸಿಡ್ನಿ ಪಿಟ್‌ಮನ್, ಕಪ್ಪುಜನಾಂಗದವರು. ಕಟ್ಟಡವೀಗ ಹೋಟೆಲ್.

ಸೇತುವೆಯಲ್ಲಿ ಬಿರುಕು ಬಿಟ್ಟಿದೆಯಂತೆ. ಸುರಕ್ಷಿತವೇ?

ಬಿರುಕು ಕಂಡದ್ದು ನಿಜ, 2010ರ ದಶಕದಲ್ಲಿ ಕೋಟ್ಯಂತರ ಡಾಲರ್ ಖರ್ಚಿನಲ್ಲಿ ದುರಸ್ತಿಯಾದದ್ದೂ ನಿಜ. ‘ಬಿರುಕು’ ಎಂದ ಕೂಡಲೇ ಕಾಂಕ್ರೀಟ್ ಒಡೆದದ್ದನ್ನು ಕಲ್ಪಿಸಿಕೊಳ್ಳಬೇಡಿ. ಇದು ಉಕ್ಕಿನ ದಣಿವಿನ ಬಿರುಕು. ಭಾರವಾದ ಲಾರಿಯೊಂದು ದಾಟಿದಾಗ ತೊಲೆ ಕೂದಲೆಳೆಯಷ್ಟು ಬಾಗಿ ಮತ್ತೆ ನೇರವಾಗುತ್ತದೆ. ಒಂದು ಸಲ ಆದರೆ ಏನೂ ಇಲ್ಲ, ಲಕ್ಷಾಂತರ ಸಲ ಆದರೆ ವೆಲ್ಡಿಂಗಿನ ತುದಿಯಲ್ಲಿ ಸೀಳು ಶುರುವಾಗುತ್ತದೆ. ಲೆಕ್ಕ ಹೀಗೆ: ಒಂದೊಂದು ಸಲದ ಒತ್ತಡದ ಏರಿಳಿತ ಇಮ್ಮಡಿಯಾದರೆ ಹಾನಿ ಇಮ್ಮಡಿಯಲ್ಲ, ಸುಮಾರು ಎಂಟು ಪಟ್ಟು. ಹಾಗಾಗಿ ಉಕ್ಕನ್ನು ದಣಿಸುವುದು ಲಾರಿ, ಕಾರಿನ ಪಾತ್ರ ಲೆಕ್ಕಕ್ಕೇ ಬರುವುದಿಲ್ಲ.

1970ರ ದಶಕದ ನಡುವಿನ ತನಕ ಅಮೆರಿಕದ ಸೇತುವೆ ವಿನ್ಯಾಸದ ನಿಯಮಗಳಲ್ಲಿ ದಣಿವಿನ ಲೆಕ್ಕ ಇಂದಿನಷ್ಟು ಬಿಗಿಯಾಗಿರಲಿಲ್ಲ. ಅಡ್ಡಪಟ್ಟಿಯನ್ನು ಗರ್ಡರ್‌ನ, ಅಂದರೆ ಉದ್ದನೆಯ ಉಕ್ಕಿನ ತೊಲೆಯ, ಗೋಡೆಗೆ ಬೆಸೆದು, ಮೇಲಿನ ಅಂಚಿಗೆ ಬೆಸೆಯದೆ ಒಂದೆರಡು ಅಂಗುಲ ಬಿಡುವ ಪದ್ಧತಿ ಆಗ ಸಾಮಾನ್ಯ. ಅಕ್ಕಪಕ್ಕದ ಗರ್ಡರ್‌ಗಳು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿದಾಗ ಆ ಸಣ್ಣ ಜಾಗವೇ ತಿರುಚಿಕೊಳ್ಳುತ್ತದೆ. ಆ ಕಾಲದ ಉಕ್ಕಿನ ಸೇತುವೆಗಳಲ್ಲಿ ಬಿರುಕು ಮೊದಲು ಹುಡುಕುವುದೇ ಅಲ್ಲಿ. ಬಣ್ಣದ ಮೇಲೆ ತುಕ್ಕಿನ ಗೆರೆ ಕಂಡರೆ ಅದು ಮೊದಲ ಸುಳಿವು.

ದುರಸ್ತಿಯ ರೂಢಿಯ ಕ್ರಮ ಇದು: ಬಣ್ಣ ಕೆರೆದು, ಬಣ್ಣದ್ರವ ಅಥವಾ ಅಲ್ಟ್ರಾಸಾನಿಕ್ ಪರೀಕ್ಷೆಯಿಂದ ಬಿರುಕಿನ ತುದಿ ಎಲ್ಲಿದೆ ಎಂದು ಗುರುತಿಸುತ್ತಾರೆ. ಆ ತುದಿಯಲ್ಲಿ ಸರಿಯಾಗಿ ದುಂಡನೆಯ ರಂಧ್ರ ಕೊರೆಯುತ್ತಾರೆ. ಚೂಪು ತುದಿ ದುಂಡಾದರೆ ಒತ್ತಡ ಹರಡಿ ಬಿರುಕು ಮುಂದುವರಿಯುವುದು ನಿಲ್ಲುತ್ತದೆ. ರಂಧ್ರ ತುದಿಗಿಂತ ಸ್ವಲ್ಪ ಹಿಂದೆ ಬಿದ್ದರೆ ಶ್ರಮ ವ್ಯರ್ಥ, ಬಿರುಕು ಆಚೆ ಕಡೆಯಿಂದ ಮುಂದುವರಿಯುತ್ತದೆ. ಬಳಿಕ ಆ ಜಾಗಕ್ಕೆ ಉಕ್ಕಿನ ಕೋನಪಟ್ಟಿ ಇಟ್ಟು ಬೋಲ್ಟ್ ಬಿಗಿಯುತ್ತಾರೆ. ಹೊಸ ವೆಲ್ಡಿಂಗ್ ಆದಷ್ಟು ತಪ್ಪಿಸುತ್ತಾರೆ, ಏಕೆಂದರೆ ಅದೇ ಮುಂದಿನ ಬಿರುಕಿನ ಹುಟ್ಟುಜಾಗ ಆಗಬಹುದು.

ಒಕ್ಕೂಟ ಸರ್ಕಾರದ ನಿಯಮದಂತೆ ಇಂಥ ಸೇತುವೆಗಳನ್ನು ಸಾಮಾನ್ಯವಾಗಿ 24 ತಿಂಗಳಿಗೊಮ್ಮೆ ತಪಾಸಣೆ ಮಾಡಿ 0ಯಿಂದ 9ರವರೆಗೆ ಅಂಕ ಕೊಡುತ್ತಾರೆ. 4 ಅಥವಾ ಅದಕ್ಕಿಂತ ಕಡಿಮೆ ಬಂದರೆ ‘ಕಳಪೆ’. ದುರಸ್ತಿ ಮಾಡಿ ಓಡಿಸುತ್ತಿರುವ ಸೇತುವೆ ನಾಳೆ ಬೀಳುವುದಿಲ್ಲ. ಆದರೆ ಪ್ರತಿ ದುರಸ್ತಿಯೂ ಒಂದಿಷ್ಟು ವರ್ಷ ಕೊಳ್ಳುವ ಕೆಲಸ, ಅದು ಎಷ್ಟು ಕಾಲ ಎಂಬುದರಿಂದಲೇ ಮುಂದಿನ ಚರ್ಚೆ ಹುಟ್ಟಿದ್ದು.

ಪೂರ್ತಿ ಕೆಡವಿಬಿಡಿ ಎಂದವರು ಯಾರು? ಬೇಡ ಎಂದವರು ಯಾರು?

ಹೇಗೂ ದುಡ್ಡು ಸುರಿಯಬೇಕು, ಹಾಗಿದ್ದಲ್ಲಿ ಈ ರಸ್ತೆ ಇರಲೇಬೇಕೇ ಎಂದು 2010ರ ದಶಕದ ಮೊದಲಲ್ಲಿ ನಗರ ಯೋಜಕ ಪ್ಯಾಟ್ರಿಕ್ ಕೆನಡಿ ಮತ್ತು ಜೊತೆಗಾರರು ಪ್ರಶ್ನೆ ಎತ್ತಿದರು. ಪತ್ರಿಕಾ ಪ್ರಕಾಶಕ ವಿಕ್ ಆಲಿಸನ್ ‘ಕೊಯಲಿಶನ್ ಫಾರ್ ಎ ನ್ಯೂ ಡಾಲಸ್’ ಕಟ್ಟಿ ಇದನ್ನು ಚುನಾವಣೆಯ ವಿಷಯವಾಗಿಸಿದರು. ಫ್ರೀವೇ ತೆಗೆದು ಬೀದಿಜಾಲ ಮರಳಿ ಜೋಡಿಸಿದರೆ ಮನೆ, ಅಂಗಡಿ, ತೆರಿಗೆ ಎಲ್ಲ ಬರುತ್ತವೆ, ಡೌನ್‌ಟೌನ್‌ಗೆ ಸಂಬಂಧವೇ ಇಲ್ಲದ ಹಾದುಹೋಕ ಸಂಚಾರ ಐ-635ರಂಥ ವರ್ತುಲ ರಸ್ತೆಗೆ ಹೋಗಲಿ ಎಂಬುದು ಅವರ ವಾದ.

ವಿರೋಧ ಗಟ್ಟಿಯಾಗಿ ಬಂದದ್ದು ದಕ್ಷಿಣ ಡಾಲಸ್‌ನಿಂದ. ಕೆಲಸಗಳು ಉತ್ತರದಲ್ಲಿ, ಬಾಡಿಗೆಗೆ ಸಿಗುವ ಮನೆಗಳು ದಕ್ಷಿಣದಲ್ಲಿ. ಈ ರಸ್ತೆ ಹೋದರೆ ದಿನಾ ಹೆಚ್ಚುವರಿ ಹೊತ್ತು ತೆರುವವರು ನಾವು, ಹೊಸ ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ಯಾರೋ ಎಂದರು ಅಲ್ಲಿನವರು. ಈ ಮಾತಿಗೆ ಕೆಡವಬೇಕೆನ್ನುವವರ ಬಳಿ ಸಮರ್ಪಕ ಉತ್ತರವಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಬಸ್ಸು, ರೈಲು ಆ ದೂರವನ್ನು ತುಂಬಿಕೊಟ್ಟಿದ್ದರೆ ಚರ್ಚೆಯ ದಿಕ್ಕೇ ಬೇರೆಯಾಗುತ್ತಿತ್ತು.

ಕೊನೆಗೆ ಏನು ತೀರ್ಮಾನವಾಯಿತು?

ಇದ್ದ ಹಾಗೇ ಬಿಡುವುದು, ಮತ್ತೆ ಎತ್ತರಿಸಿ ಕಟ್ಟುವುದು, ತಗ್ಗಿಗೆ ಇಳಿಸುವುದು, ಪೂರ್ತಿ ತೆಗೆಯುವುದು, ಮಿಶ್ರ ವಿಧಾನ: ಇವಿಷ್ಟನ್ನು ಸಾರಿಗೆ ಇಲಾಖೆ ತೂಗಿ ನೋಡಿತು. 2022ರ ಮೇ ತಿಂಗಳಲ್ಲಿ ‘ಹೈಬ್ರಿಡ್’ ಎಂಬ ಮಿಶ್ರ ವಿಧಾನವನ್ನು ಶಿಫಾರಸು ಮಾಡಿತು. ಆಗಿನ ಅಂದಾಜು ವೆಚ್ಚ ಸುಮಾರು 100 ಕೋಟಿ ಡಾಲರ್. 2023ರ ಮೇನಲ್ಲಿ ಡಾಲಸ್ ನಗರ ಸಭೆ ಅದಕ್ಕೆ ಬೆಂಬಲ ಸೂಚಿಸಿತು.

ಹೈಬ್ರಿಡ್‌ನಲ್ಲಿ ಫ್ರೀವೇ ಉಳಿಯುತ್ತದೆ, ಆದರೆ ನೆಲದ ಕೆಳಗೆ ಅಗೆದ ಕಾಲುವೆಯಂಥ ತಗ್ಗಿನಲ್ಲಿ. ಈಗ ಅಡಿಯಲ್ಲಿ ನುಸುಳುವ ಬೀದಿಗಳು ಆಗ ಮೇಲೆ ಸೇತುವೆಯಾಗಿ ಸಮತಟ್ಟಾಗಿ ದಾಟುತ್ತವೆ. ಕೆಲವು ರ‍್ಯಾಂಪ್‌ಗಳು ಹೋಗುತ್ತವೆ, ಅವು ನುಂಗಿದ್ದ ಜಾಗ ಬಿಡುಗಡೆಯಾಗುತ್ತದೆ.

ತಗ್ಗು ಎಂದರೆ ಎಷ್ಟು ಆಳ?

ಕನಿಷ್ಠ ಲೆಕ್ಕ ನೀವೇ ಹಾಕಬಹುದು. ಸರಕು ಸಾಗಣೆ ಮಾರ್ಗಗಳ ಹೊಸ ಸೇತುವೆ ಕೆಳಗೆ ಟೆಕ್ಸಾಸ್ 18 ಅಡಿ 6 ಅಂಗುಲ ಎತ್ತರ ಬಿಡಿಸುತ್ತದೆ. ಅದರ ಮೇಲೆ ತೊಲೆ ಮತ್ತು ಬೀದಿಯ ಚಪ್ಪಡಿ ಸೇರಿ ಐದಾರು ಅಡಿ. ಬೀದಿ ಮಟ್ಟದಿಂದ 24–25 ಅಡಿ ಆಯಿತು. ಎರಡು ಫ್ರೀವೇಗಳು ಒಂದರಡಿ ಒಂದು ಹಾಯುವಲ್ಲಿ ಇದಕ್ಕಿಂತ ಬಹಳ ಆಳ ಬೇಕು. ಡಾಲಸ್ ಕೆಳಗಿರುವುದು ಆಸ್ಟಿನ್ ಚಾಕ್ ಎಂಬ ಸುಣ್ಣಕಲ್ಲಿನ ಪದರ. ಯಂತ್ರಕ್ಕೆ ಸಲೀಸಾಗಿ ಕತ್ತರಿಸಿಕೊಳ್ಳುತ್ತದೆ, ಕತ್ತರಿಸಿದ ಗೋಡೆ ಮಣ್ಣಿನಂತೆ ಕುಸಿಯುವುದೂ ಇಲ್ಲ. ಇದು ಅದೃಷ್ಟ.

ಮಳೆ ಬಂದರೆ ತಗ್ಗು ತುಂಬಿಕೊಳ್ಳುವುದಿಲ್ಲವೇ?

ತುಂಬಿಕೊಳ್ಳುತ್ತದೆ, ಏರ್ಪಾಡು ಮಾಡದಿದ್ದರೆ. ಇದೇ ನಗರದ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇಯನ್ನು ತಗ್ಗಿಸಿದಾಗ ಪಕ್ಕದ ಕೋಲ್ ಪಾರ್ಕ್ ಅಡಿಯಲ್ಲಿ 13 ಸಾಲು ಸುರಂಗ ಕೊಠಡಿ ಕೊರೆದರು. ಸಾಮರ್ಥ್ಯ 7.1 ಕೋಟಿ ಗ್ಯಾಲನ್, ಸುಮಾರು 27 ಕೋಟಿ ಲೀಟರ್. ಬಿರುಸಿನ ಮಳೆಯ ನೀರನ್ನು ಅಲ್ಲಿ ಹಿಡಿದಿಟ್ಟು ಆಮೇಲೆ ನಿಧಾನಕ್ಕೆ ಹೊರಹಾಕುತ್ತಾರೆ. ನಗರದ ಪೂರ್ವ ಭಾಗಕ್ಕೆಂದು 5 ಮೈಲಿ ಉದ್ದದ, 30 ಅಡಿ ವ್ಯಾಸದ ಮಿಲ್ ಕ್ರೀಕ್ ಚರಂಡಿ ಸುರಂಗವನ್ನೂ ಕೈಗೆತ್ತಿಕೊಂಡಿದ್ದಾರೆ. ತಗ್ಗು ರಸ್ತೆಯಲ್ಲಿ ಕೈಕೊಡುವುದು ಹೆಚ್ಚಾಗಿ ಎರಡು: ಎಲೆ-ಕಸದಿಂದ ಜಾಲರಿ ಕಟ್ಟಿಕೊಳ್ಳುವುದು, ಬಿರುಗಾಳಿಗೆ ಕರೆಂಟ್ ಹೋಗಿ ಪಂಪ್ ನಿಲ್ಲುವುದು. ಆದ್ದರಿಂದ ಯೋಜನೆಯ ಸಭೆಗೆ ಹೋದವರು ಪಂಪ್‌ಗೆ ಪರ್ಯಾಯ ವಿದ್ಯುತ್ ಎಲ್ಲಿಂದ ಎಂದು ಕೇಳಿ. ಚಿತ್ರಪಟಗಳಲ್ಲಿ ಮರಗಿಡ ಬಿಡಿಸಿರುತ್ತಾರೆ, ಪಂಪ್‌ಹೌಸ್ ಬಿಡಿಸಿರುವುದಿಲ್ಲ.

ತಗ್ಗಿನ ಮೇಲೆ ಪಾರ್ಕ್ ಬರುತ್ತದೆಯಂತೆ?

ಬರಬಹುದು, ಆದರೆ ತನ್ನಷ್ಟಕ್ಕೆ ಬರುವುದಿಲ್ಲ. ತಗ್ಗನ್ನು ಮೇಲಿಂದ ಮುಚ್ಚುವ ಚಪ್ಪಡಿಯ, ಅಂದರೆ ಮುಚ್ಚಿಗೆಯ ಭಾರ ಹೊರುವಂತೆ ಗೋಡೆ, ಅಡಿಪಾಯವನ್ನು ಇಲಾಖೆ ಕಟ್ಟಿಕೊಡಬಹುದು. ಮುಚ್ಚಿಗೆ, ಮಣ್ಣು, ಪಾರ್ಕು, ಅದರ ನಿರ್ವಹಣೆಗೆ ನಗರವೂ ದಾನಿಗಳೂ ಹಣ ಹೊಂದಿಸಬೇಕು. ಕಣ್ಣೆದುರಿನ ಮಾದರಿ ವುಡಾಲ್ ರಾಜರ್ಸ್ ಮೇಲೆ 2012ರಲ್ಲಿ ತೆರೆದ ಕ್ಲೈಡ್ ವಾರನ್ ಪಾರ್ಕ್. ಸುಮಾರು 5 ಎಕರೆಗೆ 11 ಕೋಟಿ ಡಾಲರ್ ತಗುಲಿತು. 300ಕ್ಕೂ ಹೆಚ್ಚು ಕಾಂಕ್ರೀಟ್ ತೊಲೆಗಳನ್ನು ಗುಂಪು ಗುಂಪಾಗಿ ಇಟ್ಟು, ನಡುವಿನ ಹಳ್ಳಗಳಲ್ಲಿ ಮಣ್ಣು ತುಂಬಿ ಮರ ನೆಟ್ಟಿದ್ದಾರೆ. ಉಳಿದೆಡೆ ಭಾರ ಇಳಿಸಲು ಮಣ್ಣಿನಡಿ ಹಗುರ ಫೋಮ್ ಇಟ್ಟಿದ್ದಾರೆ.

ಉದ್ದವೂ ಲೆಕ್ಕಕ್ಕೆ ಬರುತ್ತದೆ. ಮುಚ್ಚಿದ ಭಾಗ 1,000 ಅಡಿ ದಾಟಿದರೆ ಅಗ್ನಿ ಸುರಕ್ಷತೆಯ ನಿಯಮದಲ್ಲಿ ಅದು ಪೂರ್ಣ ಪ್ರಮಾಣದ ಸುರಂಗ: ಹೊಗೆ ನಿಯಂತ್ರಣ, ತುರ್ತು ದೀಪ, ಬೆಂಕಿ ನೀರಿನ ಕೊಳವೆ ಎಲ್ಲ ಬೇಕು. ಹಾಗಾಗಿ ಒಂದೇ ಉದ್ದನೆಯ ಮುಚ್ಚಿಗೆಗಿಂತ ನಡುವೆ ತೆರಪು ಬಿಟ್ಟ ತುಂಡು ಮುಚ್ಚಿಗೆಗಳು ಅಗ್ಗ.

ಮುಚ್ಚಿಗೆ ಇಲ್ಲದ ತಗ್ಗು ಹೇಗಿರುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಡೌನ್‌ಟೌನ್‌ನ ದಕ್ಷಿಣಕ್ಕಿರುವ ಐ-30ರ ‘ಕ್ಯಾನಿಯನ್’ ಭಾಗದ ಸೇತುವೆಯ ಮೇಲೆ ನಿಂತು ನೋಡಿ. ಆಚೆಗಿನ ಸೀಡರ್ಸ್ ಬಡಾವಣೆ ಇಂದಿಗೂ ಬೇರೆ ಊರಿನಂತಿದೆ. ಐ-345ರ ವಿಷಯದಲ್ಲಿ ನಮ್ಮ ಮುಖ್ಯ ಆತಂಕವೂ ಇದೇ: ಅಗೆತಕ್ಕೆ ದುಡ್ಡು ಸಿಕ್ಕಿ ಮುಚ್ಚಿಗೆಗೆ ಸಿಗದಿದ್ದರೆ ಡೀಪ್ ಎಲಮ್‌ಗೆ ನೆರಳು ಹೋಗಿ ಹಳ್ಳ ಬರುತ್ತದೆ.

ಬೇರೆ ಕಡೆ ಇಂಥ ಫ್ರೀವೇ ತೆಗೆದಿದ್ದಾರೆಯೇ?

ಸ್ಯಾನ್ ಫ್ರಾನ್ಸಿಸ್ಕೊದ ಎಂಬಾರ್ಕಡೆರೊ ಫ್ರೀವೇಯನ್ನು 1989ರ ಭೂಕಂಪದ ಬಳಿಕ 1991ರಲ್ಲಿ ಕೆಡವಿದರು. ಅಲ್ಲಿನ ಸೆಂಟ್ರಲ್ ಫ್ರೀವೇಯ ಒಂದು ಭಾಗದ ಬದಲು 2005ರಲ್ಲಿ ಆಕ್ಟೇವಿಯಾ ಬೊಲೆವಾರ್ಡ್ ಬಂತು. ಮಿಲ್ವಾಕಿ ಪಾರ್ಕ್ ಈಸ್ಟ್ ಫ್ರೀವೇ ತೆಗೆಯಿತು, ಸಿಯಾಟಲ್ 2019ರಲ್ಲಿ ಅಲಾಸ್ಕನ್ ವೇ ಮೇಲ್ಸೇತುವೆ ಮುಚ್ಚಿ ಸಂಚಾರವನ್ನು ಸುರಂಗಕ್ಕೆ ಇಳಿಸಿತು. ಹೋಲಿಸುವಾಗ ಒಂದನ್ನು ಗಮನಿಸಿ: ಇವುಗಳಲ್ಲಿ ಕೆಲವು ಅರ್ಧಕ್ಕೇ ನಿಂತ ಕವಲುಗಳು. ಎರಡೂ ತುದಿಯಲ್ಲಿ ಹೆದ್ದಾರಿ ಕಟ್ಟಿಕೊಂಡಿರುವ ಐ-345ನ್ನು ತೆಗೆಯುವುದು ಅದಕ್ಕಿಂತ ಕಠಿಣ. ಡಾಲಸ್‌ನಲ್ಲೇ ದಕ್ಷಿಣದ ಎಸ್.ಎಂ. ರೈಟ್ ಫ್ರೀವೇಯನ್ನು ಸಿಗ್ನಲ್ ಇರುವ ಬೊಲೆವಾರ್ಡ್ ಮಾಡಿದ್ದಾರೆ. ಅದು ಸಾಧ್ಯವಾದದ್ದು ಅಲ್ಲಿನ ಸಂಚಾರವನ್ನು ಮೊದಲು ಐ-45ಕ್ಕೆ ತಿರುಗಿಸಿದ್ದರಿಂದ.

ಅಗೆತ ಶುರುವಾಗುವ ಮುಂಚೆ ಏನೇನು ಆಗಬೇಕು? ನಮಗೆ ಸೂಚನೆ ಎಲ್ಲಿಂದ ಸಿಗುತ್ತದೆ?

ವಿನ್ಯಾಸದ ನಕ್ಷೆ, ಪರಿಸರ ಅಧ್ಯಯನ, ಸಾರ್ವಜನಿಕ ವಿಚಾರಣೆ, ನೀರು-ಗ್ಯಾಸ್-ಕೇಬಲ್ ಮಾರ್ಗಗಳ ಸ್ಥಳಾಂತರ, ಜೊತೆಗೆ ಹಣ ಮಂಜೂರಾತಿ. ಹಣದ ಮಾತು ನಡೆಯುವುದು ಪ್ರಾದೇಶಿಕ ಸಾರಿಗೆ ಮಂಡಳಿಯಲ್ಲಿ ಮತ್ತು ರಾಜ್ಯದ ಹತ್ತು ವರ್ಷದ ಯೋಜನಾ ಪಟ್ಟಿಯಲ್ಲಿ. ಪತ್ರಿಕೆಯ ಶೀರ್ಷಿಕೆಗಿಂತ ಆ ಪಟ್ಟಿಯಲ್ಲಿ ಈ ರಸ್ತೆಯ ಮುಂದೆ ಎಷ್ಟು ಮೊತ್ತ ಬರೆದಿದೆ ಎಂಬುದನ್ನು ನೋಡುವುದೇ ಖಚಿತ. ವಿಚಾರಣೆಗೆ ಖುದ್ದಾಗಿ ಹೋಗಲಾಗದವರು ಗಡುವಿನೊಳಗೆ ಲಿಖಿತ ಅಭಿಪ್ರಾಯ ಕಳಿಸಬಹುದು. ‘ಬೇಕು’, ‘ಬೇಡ’ ಎಂದಷ್ಟೇ ಬರೆದರೆ ಅದು ಎಣಿಕೆಗೆ ಸೇರುತ್ತದೆ, ಅಷ್ಟೇ. ಇಂಥ ಬೀದಿಯ ಇಂಥ ಮೂಲೆಯಲ್ಲಿ ಕಾಲುದಾರಿ ಎಷ್ಟು ಅಡಿ, ಇಂಥ ರ‍್ಯಾಂಪ್ ಹೋದರೆ ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕು ಎಂದು ನಿರ್ದಿಷ್ಟವಾಗಿ ಕೇಳಿ. ಅಂಥ ಪ್ರಶ್ನೆಗೆ ಇಲಾಖೆ ತನ್ನ ದಾಖಲೆಯಲ್ಲೇ ಉತ್ತರ ಬರೆಯಬೇಕಾಗುತ್ತದೆ.